80ರ ಮೈಗೆ 90ರ ಫೀಡಿಂಗ್ ಬ್ರಾ ಯಾಕೆ ಕೊಡ್ತಾರೆ?

ತುಂಬುತಿಂಗಳು
ಎದೆಯ ಕೆಳಗಿನ ಸುತ್ತಳತೆ 80 ಸೆಂ.ಮೀ., ತುಂಬಿದ ಕಡೆ 101. ಈಗ 36ನೇ ವಾರ. ಎಲ್ಲಿ ಕೇಳಿದರೂ ಕೊಡೋದು 40 ಸಿ. ಕಪ್ಪೇನೋ ಸರಿಯಾಗಿ ಕೂರುತ್ತೆ, ಆದರೆ ಕೈ ಎತ್ತಿದರೆ ಹಿಂದಿನ ಪಟ್ಟಿ ಬೆನ್ನೇರುತ್ತೆ. ಭಾರವೆಲ್ಲ ಹೆಗಲ ಮೇಲೆ. "ಫೀಡಿಂಗ್ ಬ್ರಾ ಅಂದ್ರೆ ಸಡಿಲವಾಗೇ ಇರಬೇಕು" ಅನ್ನೋದು ಅಂಗಡಿಯವರ ಉತ್ತರ. ದೊಡ್ಡ ಕಪ್ಪಿನದು ಸಿಕ್ಕರೆ ಅದರ ದುಡ್ಡಿಗೆ ಮಾಮೂಲಿದು ಮೂರು ಬರುತ್ತೆ. ನನಗೆ ಬೇಕಾದ ಸೈಜ್ ಯಾವುದು? ಈಗಲೇ ಎಷ್ಟು ಕೊಂಡಿಡಬೇಕು? ದುಡ್ಡು ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಟೇಪು_ಹಿಡಿದವಳು
ಕಪ್ ಸರಿ ಕೂತಿದ್ದು ಆಕಸ್ಮಿಕ ಅಲ್ಲ. 40 ಸಿ, 38 ಡಿ, 36 ಡಿಡಿ ಮೂರರಲ್ಲೂ ಕಪ್ಪಿನ ಅಳತೆ ಒಂದೇ. ನಂಬರ್ ಬ್ಯಾಂಡಿನದು, ಅಂದರೆ ಎದೆಯ ಕೆಳಗೆ ಸುತ್ತುವ ಪಟ್ಟಿಯದು, ಅಕ್ಷರ ಕಪ್ಪಿನದು. ಬ್ಯಾಂಡ್ ಒಂದು ಹೆಜ್ಜೆ ಇಳಿದರೆ ಅಕ್ಷರ ಒಂದು ಹೆಜ್ಜೆ ಏರುತ್ತೆ, ಸಿಸ್ಟರ್ ಸೈಜ್ ಅಂತಾರೆ. ಅಂಗಡಿಯಲ್ಲಿ 36 ಡಿಡಿ ಇಲ್ಲ, 40 ಸಿ ಇದೆ. ಹಾಗಾಗಿ ಅದನ್ನೇ ಕೊಟ್ಟಿದ್ದಾರೆ, ಆಮೇಲೆ "ಸಡಿಲ ಇರಬೇಕು" ಅಂತ ಕಾರಣ ಹುಡುಕಿದ್ದಾರೆ.

ಸೆಂಟಿಮೀಟರ್ ಲೆಕ್ಕದಲ್ಲಿ ನೋಡಿ: 36 ಅಂದರೆ 80, 38 ಅಂದರೆ 85, 40 ಅಂದರೆ 90. ನಿಮ್ಮ ಮೈ 80. ಬ್ಯಾಂಡ್ 10 ಸೆಂ.ಮೀ. ದೊಡ್ಡದಾದರೆ ಬೆನ್ನೇರದೆ ಇನ್ನೇನು ಮಾಡುತ್ತೆ? ಎದೆಯ ಭಾರ ಹೊರಬೇಕಾದ್ದು ಬ್ಯಾಂಡು. ಅದು ಹಿಂದೆ ಮೇಲೇರಿದಷ್ಟೂ ಮುಂದೆ ಕಪ್ ಕೆಳಗಿಳಿಯುತ್ತೆ, ಆಗ ಸ್ಟ್ರಾಪ್ ಬಿಗಿ ಮಾಡ್ತೀರ, ಹೆಗಲಲ್ಲಿ ಗುಳಿ ಬೀಳುತ್ತೆ.

ನಿಮ್ಮ ವ್ಯತ್ಯಾಸ 21. ಯುರೋಪಿನ ಲೆಕ್ಕದಲ್ಲಿ 18ರಿಂದ 20 ಡಿ, 20ರಿಂದ 22 ಇ. ಅಂದರೆ 80 ಇ. ಬ್ರಿಟಿಷ್ ಅಕ್ಷರದಲ್ಲಿ ಅದೇ 36 ಡಿಡಿ.

ಸಣ್ಣಕಣ್ಣು
ಡಿ ಆದಮೇಲೆ ಅಕ್ಷರ ನಂಬಬೇಡಿ. ಬ್ರಿಟಿಷ್ ಸಾಲು: ಡಿ, ಡಿಡಿ, ಇ, ಎಫ್, ಎಫ್‌ಎಫ್, ಜಿ. ಯುರೋಪಿನದು: ಡಿ, ಇ, ಎಫ್, ಜಿ, ಎಚ್. ಅಮೆರಿಕದ್ದು: ಡಿ, ಡಿಡಿ, ಡಿಡಿಡಿ, ಆಮೇಲೆ ಜಿ. "ಎಫ್ ತಗೊಳ್ಳಿ" ಅಂತ ಯಾರಾದರೂ ಹೇಳಿದರೆ ಯಾವ ಎಫ್ ಅಂತ ಕೇಳಿ. ಬ್ರಿಟಿಷ್ ಎಫ್ ಯುರೋಪಿನ ಜಿಗೆ ಸಮ.

ಇಂಚುಪಟ್ಟಿ
ಒಂದು ಆಕ್ಷೇಪ ಇದೆ. 80 ಸೆಂ.ಮೀ. ಅಂದರೆ ಮೂವತ್ತೊಂದೂವರೆ ಇಂಚು. 36 ಎಲ್ಲಿಂದ ಬಂತು? ಹಳೇ ಕಾಲದ "ನಾಲ್ಕು ಇಂಚು ಸೇರಿಸು" ಲೆಕ್ಕ ಅದು. ಹಿಗ್ಗದ ಬಟ್ಟೆಯಲ್ಲಿ ಹೊಲಿಯುತ್ತಿದ್ದಾಗಿನ ಲೆಕ್ಕ. ಈಗ ಬ್ಯಾಂಡಿನಲ್ಲಿ ಸ್ಪ್ಯಾಂಡೆಕ್ಸ್ ಇದೆ, ಏನೂ ಸೇರಿಸದೆ 32 ತಗೋಬೇಕು, ಅದಕ್ಕೆ ತಕ್ಕ ದೊಡ್ಡ ಕಪ್ಪು.

ಟೇಪು_ಹಿಡಿದವಳು
ಮೈ ಅಳೆಯೋದಕ್ಕೆ ಹೌದು, ಲೇಬಲ್ ಓದೋದಕ್ಕೆ ಅಲ್ಲ. ಎಷ್ಟೋ ತಯಾರಕರು ಈಗಲೂ 36 ಅಂತ ಬರೆದ ಕಡೆ 78ರಿಂದ 82ರ ಮೈಗೇ ಹೊಲಿತಾರೆ. ಕೆಲವರು ನೀವು ಹೇಳಿದ ಹಾಗೆ ಇಂಚಿಗೆ ಇಂಚು. ಅದಕ್ಕೇ ಲೇಬಲ್ಲಿನ ನಂಬರ್ ಬಿಟ್ಟು ಆ ಬ್ರ್ಯಾಂಡಿನ ಚಾರ್ಟಿನಲ್ಲಿ "ಎದೆ ಕೆಳಗಿನ ಸುತ್ತಳತೆ" ಸೆಂಟಿಮೀಟರಲ್ಲಿ ಎಷ್ಟಿದೆ ನೋಡಿ. ಚಾರ್ಟ್ ಇಲ್ಲವಾ? ಬ್ರಾದ ಹೊರಗಿನ ಕೊನೆ ಹುಕ್ಕಿನ ಸಾಲಿನಿಂದ ಇನ್ನೊಂದು ತುದಿವರೆಗೆ ಟೇಪಿನ ಮೇಲಿಟ್ಟು ಅಳೆಯಿರಿ. ಎಳೆಯದೇ 80 ಮುಟ್ಟಿದರೆ ವಾಪಸ್ ಇಡಿ. ಚೆನ್ನಾಗಿ ಎಳೆದಾಗ 80 ದಾಟಿ ಸ್ವಲ್ಪ ಮುಂದೆ ಹೋಗಿ ನಿಲ್ಲಬೇಕು.

ಮೂರುಹುಕ್ಕು
ಅಳತೆನೇ ತಪ್ಪು ತಗೊಂಡಿದ್ರೆ ಇಷ್ಟೆಲ್ಲಾ ಲೆಕ್ಕ ನೀರಿನಲ್ಲಿ ಹೋಮ. ಕೆಳ ಸುತ್ತಳತೆ ಉಸಿರು ಬಿಟ್ಟು, ಟೇಪು ಬಿಗಿಯಾಗಿ, ಬೆನ್ನಲ್ಲೂ ನೆಲಕ್ಕೆ ಸಮನಾಗಿ. ಮೇಲಿನ ಅಳತೆ ಬರೀ ನೇರ ನಿಂತು ತಗೊಂಡ್ರೆ ದೊಡ್ಡ, ಮೆತ್ತನೆ ಎದೆಗೆ ಕಡಿಮೆ ಬರತ್ತೆ. ಸೊಂಟದಿಂದ ಮುಂದಕ್ಕೆ ಬಾಗಿ, ಬೆನ್ನು ಮೇಜಿನ ಥರ ಇಟ್ಟು ಇನ್ನೊಂದು ಸಲ ಅಳೀರಿ. ಎರಡರ ಸರಾಸರಿ ಹಿಡೀರಿ. ಎಡ ಬಲ ಒಂದೇ ಸಮ ಇರಲ್ಲ, ದೊಡ್ಡದಕ್ಕೆ ಕಪ್ ಹೊಂದಿಸಿ, ಚಿಕ್ಕದರ ಕಡೆ ಪ್ಯಾಡ್ ಇಡಿ.

ತುಂಬುತಿಂಗಳು
ಬಾಗಿ ಅಳೆದರೆ 104 ಬಂತು! ಸರಾಸರಿ ಹಿಡಿದರೆ ಯುರೋಪಿನ ಎಫ್ ಆಯ್ತಲ್ಲ. ಹಾಲು ಬಂದಮೇಲೆ ಇನ್ನೂ ಏರುತ್ತಾ?

ಗಡಿಯಾರ_ನೋಡಬೇಡಿ
ಏರತ್ತೆ. ಹೆರಿಗೆಯಾಗಿ ಎರಡರಿಂದ ಐದು ದಿನದೊಳಗೆ ಹಾಲು ತುಂಬಿ ಬರುತ್ತೆ, ಎದೆ ಕಲ್ಲಿನ ಹಾಗೆ ಬಿಗಿಯತ್ತೆ. ಆ ವಾರದಲ್ಲಿ ಒಂದೋ ಎರಡೋ ಕಪ್ ಹೆಚ್ಚು. ಆ ಅಳತೆಗೆ ದುಬಾರಿ ಬ್ರಾ ತಗೊಂಡರೆ ಒಂದೂವರೆ ತಿಂಗಳಲ್ಲಿ ಕಪ್ ಸುಕ್ಕು ಸುಕ್ಕು. ಮಗು ಕುಡಿಯೋ ಲಯಕ್ಕೆ ಹಾಲು ಹೊಂದಿಕೊಳ್ಳೋಕೆ ಆರರಿಂದ ಹನ್ನೆರಡು ವಾರ ಬೇಕು.

ಅತ್ತ ಪಕ್ಕೆಲುಬಿನ ಗೂಡು ಈಗ ಹಿಗ್ಗಿದೆ, ಹೆರಿಗೆ ಆದಮೇಲೆ ನಿಧಾನಕ್ಕೆ ಇಳಿಯತ್ತೆ. ಬ್ಯಾಂಡ್ ಚಿಕ್ಕದಾಗ್ತಾ, ಕಪ್ ದೊಡ್ಡದಾಗ್ತಾ ಹೋಗೋ ಕಾಲ ಇದು. ಆದ್ದರಿಂದ ಈಗ ಕೊಳ್ಳೋದು ಅತೀ ಸಡಿಲವಾದ ಹುಕ್ಕಿನ ಸಾಲಿನಲ್ಲಿ ಸರಿಯಾಗಿ ಕೂರಬೇಕು, ಮುಂದೆ ಒಳ ಸಾಲಿಗೆ ಬರಬಹುದು. ಫೀಡಿಂಗ್ ಬ್ರಾಗಳಿಗೆ ಕೆಲವಕ್ಕೆ ನಾಲ್ಕೈದು ಸಾಲು ಹುಕ್ಕು ಇರೋದು ಇದಕ್ಕೇ. ಮೂರೇ ಸಾಲು ಇದ್ದರೆ ಬಿಡಿ.

ನಿದ್ದೆಗೇಡು
ಎಲ್ಲಾ ಬಿಟ್ಟು ಸ್ಪೋರ್ಟ್ಸ್ ಬ್ರಾ ತಗೊಂಡ್ರೆ ಆಗಲ್ವಾ? ಎಳೆದು ಕೆಳಗೆ ಮಾಡಿದ್ರೆ ಆಯ್ತು.

ಮೂರುಹುಕ್ಕು
ಚಿಕ್ಕ ಎದೆಗೆ ನಡೆಯತ್ತೆ. ದೊಡ್ಡದಕ್ಕೆ ಇಲ್ಲ. ಎಳೆದ ಅಂಚು ಮೊಲೆಯ ಕೆಳಗೆ ದಾರದ ಹಾಗೆ ಕೂರತ್ತೆ, ಮಗು ಅರ್ಧ ಗಂಟೆ ಕುಡಿಯೋವರೆಗೂ ಅಲ್ಲೇ ಒತ್ತಿರತ್ತೆ. ಹೆಚ್ಚಿನ ಸ್ಪೋರ್ಟ್ಸ್ ಬ್ರಾಗಳ ಕೆಲಸ ಅದುಮೋದು, ಎತ್ತಿ ಹಿಡಿಯೋದಲ್ಲ. ಹಾಲೂಡಿಸೋವಾಗ ಅದುಮೋದೇ ಬೇಡದ ವಿಷಯ.

ಸಣ್ಣಕಣ್ಣು
ರಾತ್ರಿಗೆ ಮಾತ್ರ ಮೆತ್ತನೆ, ಮುಂದೆ ಅಡ್ಡಡ್ಡ ಹಾಯುವ ಕ್ರಾಸ್‌ಓವರ್ ಸಾಕು. ಅಲ್ಲಿ ಆಧಾರ ಬೇಕಿಲ್ಲ, ಸೋರಿದ ಹಾಲು ಹೀರೋ ಪ್ಯಾಡ್ ಜಾರದಿದ್ದರೆ ಆಯ್ತು. ದುಡ್ಡು ಉಳಿಸೋ ಜಾಗ ಇದು, ಅತೀ ಅಗ್ಗದ್ದು ನಡೆಯುತ್ತೆ.

ಹೊಲಿಗೆಪೆಟ್ಟಿಗೆ
ಹಗಲಿನದಕ್ಕೆ ಏನು ನೋಡಬೇಕು ಅಂತ ಯಾರೂ ಹೇಳಲಿಲ್ಲ, ಸೈಜಿನ ಜಗಳದಲ್ಲೇ ಇದ್ದೀರಿ. ಕೈಯಲ್ಲಿ ಹಿಡಿದಾಗ ನೋಡಬೇಕಾದ್ದು ಇಷ್ಟು.

ಕಪ್ ಬಿಚ್ಚಿ ಕೆಳಗಿಳಿಸಿ. ಒಳಗೆ ಏನು ಉಳಿಯುತ್ತೆ? ಏನೂ ಇಲ್ಲದೆ ಸ್ಟ್ರಾಪ್ ಬೆನ್ನ ಹಿಂದೆ ಹಾರಿಹೋದರೆ ಅದು ದೊಡ್ಡ ಎದೆಗಲ್ಲ. ಸ್ಟ್ರಾಪಿನಿಂದ ಬ್ಯಾಂಡಿನವರೆಗೆ ಒಳಪಟ್ಟಿ, ಅಂದರೆ ಸ್ಲಿಂಗ್, ಇರಬೇಕು. ಇದರಲ್ಲೂ ಎರಡು ಬಗೆ. ಒಂದು, ಮಧ್ಯೆ ದುಂಡಗೆ ತೂತಿರುವ ಇಡೀ ಬಟ್ಟೆ. ತೂತು ಸಣ್ಣದಿದ್ದರೆ ಅದರ ಅಂಚು ಮೊಲೆಯನ್ನು ಸುತ್ತ ಕಚ್ಚುತ್ತೆ, ಮಗುವಿನ ಗಲ್ಲಕ್ಕೂ ತಾಗುತ್ತೆ. ಇನ್ನೊಂದು, ಕಂಕುಳ ಕಡೆ ಮಾತ್ರ ಅಗಲ ಪಟ್ಟಿ. ಭಾರದ ಎದೆಗೆ ಎರಡನೆಯದು ವಾಸಿ, ಪಕ್ಕದಿಂದ ಹಿಡಿಯುತ್ತೆ, ಮುಂದೆ ಪೂರಾ ತೆರೆದಿರುತ್ತೆ.

ಕಪ್ಪಿಗೆ ಹೊಲಿಗೆ ಗೆರೆಗಳಿರಲಿ. ಮೂರು ತುಂಡು ಸೇರಿಸಿ ಹೊಲಿದ ಕಪ್ ಎತ್ತಿ ಹಿಡಿಯುವಷ್ಟು, ಅಚ್ಚಿನಲ್ಲಿ ಒತ್ತಿ ತೆಗೆದ ಫೋಮ್ ಕಪ್ ಹಿಡಿಯೋದಿಲ್ಲ. ಫೋಮಿಗೆ ಒಂದೇ ಆಕಾರ, ಬಾಣಂತಿಯ ಎದೆ ದಿನಕ್ಕೆ ಹತ್ತು ಸಲ ಆಕಾರ ಬದಲಿಸುತ್ತೆ. ಕೆಳ ತುಂಡು ಗಟ್ಟಿ ಬಟ್ಟೆ, ಮೇಲಿನ ತುಂಡು ಹಿಗ್ಗುವ ಲೇಸ್ ಅಥವಾ ಜೆರ್ಸಿ ಇದ್ದರೆ ತುಂಬಿದಾಗಲೂ ಬರಿದಾದಾಗಲೂ ಕೂರುತ್ತೆ. ಪಕ್ಕದ ರೆಕ್ಕೆಗೆ, ಅಂದರೆ ಕಪ್ಪಿನಿಂದ ಹುಕ್ಕಿನವರೆಗಿನ ಪಟ್ಟಿಗೆ, ಪವರ್‌ನೆಟ್ ಅನ್ನೋ ಬಿಗಿಯಾಗಿ ಹಿಗ್ಗುವ ಬಲೆಬಟ್ಟೆ ಎರಡು ಪದರ. ಬೆಳಕಿಗೆ ಹಿಡಿದರೆ ತಿಳಿಯುತ್ತೆ, ಎಳೆದರೆ ಎದುರು ಎಳೆಯಬೇಕು. ಶುದ್ಧ ಹತ್ತಿ ರೆಕ್ಕೆ ಮಧ್ಯಾಹ್ನದ ಹೊತ್ತಿಗೆ ಜೋಲು. ಸ್ಟ್ರಾಪ್ ಕನಿಷ್ಠ 2 ಸೆಂ.ಮೀ. ಅಗಲ, ಮುಂಭಾಗ ಹಿಗ್ಗದ್ದು, ಎಲಾಸ್ಟಿಕ್ ಹಿಂದೆ ಮಾತ್ರ. ಒಂದೊಂದು ಸಾಲಿನಲ್ಲೂ ಮೇಲಿಂದ ಕೆಳಗೆ ಹುಕ್ಕು ಮೂರಾದರೂ ಇರಲಿ.

ಇಂಚುಪಟ್ಟಿ
ಅಂಡರ್‌ವೈರ್, ಅಂದರೆ ಕಪ್ಪಿನ ಬುಡದಲ್ಲಿ ಸೇರಿಸೋ ತಂತಿಯ ವಿಷಯ ಬಿಟ್ಟಿರಿ.

ನಿದ್ದೆಗೇಡು
ವೈರ್ ಹಾಕಿದ್ರೆ ಹಾಲು ಗಡ್ಡೆ ಕಟ್ಟತ್ತೆ, ಅದಕ್ಕೇ ಬಿಟ್ಟಿದ್ದಾರೆ.

ಇಂಚುಪಟ್ಟಿ
ವೈರ್ ತಾನಾಗಿ ಗಡ್ಡೆ ಕಟ್ಟಿಸೋದಿಲ್ಲ, ತಪ್ಪು ಜಾಗದಲ್ಲಿ ಕೂತ ವೈರ್ ತೊಂದರೆ. ಎದೆಯ ಬುಡದಲ್ಲಿ, ಪಕ್ಕೆಲುಬಿನ ಮೇಲೆ ಕೂತರೆ ಅದು ಮೊಲೆಯ ಅಂಗಾಂಶವನ್ನು ಒತ್ತೋದಿಲ್ಲ. ಕಂಕುಳ ಕಡೆ ಮೊಲೆಯ ಮೇಲೇ ಹತ್ತಿ ಕೂತರೆ ಒತ್ತುತ್ತೆ. ಕಪ್ ಚಿಕ್ಕದಾದಾಗ ಆಗೋದು ಇದೇ. ಬಿಗಿ ಎಲಾಸ್ಟಿಕ್ ಅಂಚೂ ಅದೇ ಕೆಲಸ ಮಾಡುತ್ತೆ, ಅದಕ್ಕೆ ಯಾರೂ ಹೆದರಲ್ಲ.

ಗಡಿಯಾರ_ನೋಡಬೇಡಿ
ತತ್ವ ಸರಿ. ಆದರೆ ಮೊದಲ ಆರೆಂಟು ವಾರ ಕಪ್ಪಿನ ಅಳತೆ ಬೆಳಿಗ್ಗೆ ಒಂದು, ಸಂಜೆ ಒಂದು. ಬೆಳಿಗ್ಗೆ ಸರಿಯಾಗಿ ಕೂತ ವೈರ್ ಸಂಜೆ ಮೊಲೆಯ ಮೇಲಿರುತ್ತೆ. ಅಲ್ಲೀವರೆಗೆ ವೈರ್ ಇಲ್ಲದ್ದು, ಆಮೇಲೆ ಬೇಕಿದ್ದವರು ಹಾಕಿಕೊಳ್ಳಲಿ. ಮಲಗುವಾಗ ಎಂದೂ ಬೇಡ.

ಇನ್ನು ಗಡ್ಡೆ ವಿಚಾರ. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2022ರಲ್ಲಿ ತಂದ 36ನೇ ಪ್ರೋಟೊಕಾಲಿನಲ್ಲಿ, ಅಂದರೆ ವೈದ್ಯರ ಮಾರ್ಗಸೂಚಿಯಲ್ಲಿ, ಗಟ್ಟಿಯಾಗಿ ತಿಕ್ಕಿ ಮಸಾಜ್ ಮಾಡಬೇಡಿ, ಹೆಚ್ಚು ಪಂಪ್ ಮಾಡಬೇಡಿ, ತಣ್ಣನೆಯದು ಇಡಿ, ಅಳತೆಗೆ ಸರಿಯಾದ ಆಧಾರ ಕೊಡುವ ಬ್ರಾ ಹಾಕಿ ಅಂತಿದೆ. "ಬ್ರಾ ಹಾಕಲೇಬೇಡಿ" ಅಂತಲ್ಲ. ಜೋತುಬಿದ್ದ ಎದೆಯಲ್ಲಿ ಊತ ಇಳಿಯೋದು ಕಷ್ಟ. ಜ್ವರ ಬಂದು, ಕೆಂಪಾಗಿ, ಒಂದು ದಿನದಲ್ಲಿ ಇಳಿಯದಿದ್ದರೆ ಬ್ರಾ ಚರ್ಚೆ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ನಿದ್ದೆಗೇಡು
ತಿಕ್ಕಿ ತಿಕ್ಕಿ ಕರಗಿಸ್ಬೇಕು ಅಂತ ಎಲ್ರೂ ಹೇಳೋದು ಮತ್ತೆ?

ಗಡಿಯಾರ_ನೋಡಬೇಡಿ
ಹಳೇ ಮಾತು. ತಿಕ್ಕಿದರೆ ಊತ ಹೆಚ್ಚುತ್ತೆ, ನಾಳ ಇನ್ನೂ ಇರುಕಾಗುತ್ತೆ.

ಹುಬ್ಬಳ್ಳಿಸೂಜಿ
ಅಕ್ಕಾರ, ತುಟ್ಟಿ ಬ್ರಾ ಯಾಕ ತಗೋತೀರಿ? ಇದ್ದದ್ದನ್ನ ಫೀಡಿಂಗ್ ಬ್ರಾ ಮಾಡಾಕ ಬರ್ತದ. ಕ್ಲಿಪ್ಪು ಬಿಡಿಯಾಗಿ ಸಿಗ್ತಾವ. ಸ್ಟ್ರಾಪ್ ಎಷ್ಟು ಅಗಲ ಐತಿ ನೋಡಿ ಅಷ್ಟೇ ಅಗಲದ ಕ್ಲಿಪ್ ತರ್ರಿ, 18 ಮಿ.ಮೀ. ಸ್ಟ್ರಾಪಿಗೆ 15ರ ಕ್ಲಿಪ್ ಹಾಕಿದ್ರ ಸ್ಟ್ರಾಪ್ ಮುದುಡಿ ಹೆಗಲಿಗೆ ಚುಚ್ಚತದ.

ಬ್ರಾ ಆರಿಸೂದು ಹೆಂಗ ಅಂದ್ರ, ಫುಲ್ ಕಪ್ ಇರ್ಬೇಕು, ಸ್ಟ್ರಾಪು ಕಪ್ಪಿನ ತುದೀಗೆ ಬ್ಯಾರೆಯಾಗಿ ಹೊಲ್ದಿರ್ಬೇಕು. ಕಪ್ಪಿನ ಬಟ್ಟೀನ ಸ್ಟ್ರಾಪ್ ಆಗಿ ಮ್ಯಾಲ ಹೋಗಿದ್ರ ಅದು ಬ್ಯಾಡ. ವೈರ್ ಇದ್ರ ಕಂಕುಳ ಕಡೆ ಕೊಳವಿ ಸ್ವಲ್ಪ ಬಿಚ್ಚಿ ಎಳ್ದು ತಗೀರಿ. ಆಮ್ಯಾಲ ಸ್ಟ್ರಾಪು ಕಪ್ಪು ಕೂಡೂ ಜಾಗ ಬಿಚ್ರಿ. ಮ್ಯಾಲಿನ ಕ್ಲಿಪ್ ತುಂಡು ಸ್ಟ್ರಾಪಿಗೆ, ಕೆಳಗಿಂದು ಕಪ್ ತುದೀಗೆ. ಮುಗೀತು.

ಹೊಲಿಗೆಪೆಟ್ಟಿಗೆ
ಮುಗಿಯಲಿಲ್ಲ ರೀ. ಸ್ಲಿಂಗ್ ಎಲ್ಲಿ? ಕ್ಲಿಪ್ ಬಿಚ್ಚಿದ ಕೂಡಲೇ ಸ್ಟ್ರಾಪ್ ಬೆನ್ನ ಹಿಂದೆ, ಮಗು ಒಂದು ಕೈಯಲ್ಲಿ. ಇನ್ನೊಂದು ಕೈಯಲ್ಲಿ ಸ್ಟ್ರಾಪ್ ಹುಡುಕ್ತಾ ಕೂರಬೇಕಾ?

ಹಿಗ್ಗದ ಹತ್ತಿ ಟೇಪು 2 ಸೆಂ.ಮೀ. ಅಗಲದ್ದು ತಗೊಳ್ಳಿ. ಕ್ಲಿಪ್ ಹಾಕಿ, ಬ್ರಾ ತೊಟ್ಟು, ಕನ್ನಡಿ ಮುಂದೆ ನಿಂತು ಸ್ಟ್ರಾಪಿನ ತುದಿಯಿಂದ ಕಪ್ಪಿನ ಕಂಕುಳ ಅಂಚಿನಗುಂಟ ಬ್ಯಾಂಡಿನ ಕೆಳ ಅಂಚಿನವರೆಗೆ ಅಳೆಯಿರಿ. ಮೇಜಿನ ಮೇಲಿಟ್ಟು ಅಳೆದರೆ ಕಪ್ಪಿನ ಉಬ್ಬು ಲೆಕ್ಕಕ್ಕೆ ಬರಲ್ಲ, ಟೇಪು ಗಿಡ್ಡ ಆಗುತ್ತೆ. ಎರಡೂ ತುದಿಗೆ ಮಡಿಚೋಕೆ ಒಂದೂವರೆ ಸೆಂ.ಮೀ. ಬಿಟ್ಟು ಕತ್ತರಿಸಿ. ಮೇಲಿನ ತುದಿ ಸ್ಟ್ರಾಪಿಗೆ, ಕೆಳ ತುದಿ ಬ್ಯಾಂಡಿಗೆ. ತೀರಾ ಭಾರ ಇದ್ದರೆ ಅದೇ ಮೇಲಿನ ತುದಿಯಿಂದ ಎರಡು ಕಪ್ಪಿನ ನಡುವಿನ ಜಾಗದ ಬುಡಕ್ಕೆ ಇನ್ನೊಂದು ಟೇಪು.

ಬಾಲ್‌ಪಾಯಿಂಟ್ ಸೂಜಿ 11 ನಂಬರ್, ಪಾಲಿಯೆಸ್ಟರ್ ದಾರ, ಸಣ್ಣ ಝಿಗ್‌ಝ್ಯಾಗ್. ಎಲಾಸ್ಟಿಕ್ ಮೇಲೆ ನೇರ ಹೊಲಿಗೆ ಹಾಕಿದರೆ ಮೊದಲ ಎಳೆತಕ್ಕೇ ಪಟ್ ಅನ್ನುತ್ತೆ. ತುದಿಗಳಲ್ಲಿ ಮೂರು ಸಲ ಹಿಂದೆ ಮುಂದೆ. ಟೇಪು ಗಿಡ್ಡವಾದರೆ ಸ್ಟ್ರಾಪನ್ನು ಕೆಳಗೆ ಜಗ್ಗುತ್ತೆ, ಉದ್ದವಾದರೆ ಕಪ್ ಇಳಿಸಿದಾಗ ಸ್ಟ್ರಾಪ್ ಹೆಗಲಿಂದ ಜಾರುತ್ತೆ. ಎಲಾಸ್ಟಿಕ್ಕನ್ನೇ ಸ್ಲಿಂಗ್ ಮಾಡೋರೂ ಇದ್ದಾರೆ, ಆ ಬ್ರಾ ದೇವರಿಗೇ ಪ್ರೀತಿ.

ಹುಬ್ಬಳ್ಳಿಸೂಜಿ
ಸ್ಲಿಂಗ್ ಮರ್ತಿದ್ದೆ, ಖರೇ. ನೀವು ಹೇಳಿದ್ದು ಬರೋಬ್ಬರಿ.

ತುಂಬುತಿಂಗಳು
ಹಾಗಾದರೆ ಅಂಗಡಿಯಲ್ಲಿ ಸಿಗುವ 40 ಸಿಯನ್ನೇ ತಂದು ಬ್ಯಾಂಡ್ ಚಿಕ್ಕದು ಮಾಡಿಸಿದರೆ? ಕಪ್ ಒಂದೇ ಅಂದಿರಿ.

ಹೊಲಿಗೆಪೆಟ್ಟಿಗೆ
ಯೋಚನೆ ಸರಿ, ಹೆಜ್ಜೆ ಒಂದು ಜಾಸ್ತಿ ಆಯ್ತು. 38 ತಂದು 36 ಮಾಡಬಹುದು, 40 ತಂದು 36 ಮಾಡಿದರೆ ಕೆಡುತ್ತೆ. ಹುಕ್ಕಿನ ಪಟ್ಟಿ ಎರಡೂ ಕಡೆಯಿಂದ ಬಿಚ್ಚಿ ರೆಕ್ಕೆ ಸಮನಾಗಿ ಕತ್ತರಿಸಿ ಮತ್ತೆ ಹೊಲಿಯೋದು ಈ ಕೆಲಸ. ಕತ್ತರಿಸಿದಷ್ಟೂ ಸ್ಟ್ರಾಪುಗಳು ಬೆನ್ನ ನಡುವಿಗೆ ಬರುತ್ತವೆ. ರೆಕ್ಕೆ ಹಿಂದಕ್ಕೆ ಹೋಗ್ತಾ ಕಿರಿದಾಗೋದರಿಂದ, ಮುಂದೆ ಕತ್ತರಿಸಿದರೆ ಅಲ್ಲಿನ ಅಗಲ ಹುಕ್ಕಿನ ಪಟ್ಟಿಗಿಂತ ದೊಡ್ಡದು. ಒಂದು ಸೈಜಿಗೆ ಇವೆರಡನ್ನೂ ಸಂಭಾಳಿಸಬಹುದು, ಎರಡಕ್ಕೆ ಆಗಲ್ಲ.

ಕತ್ತರಿ ಹಾಕೋ ಮುಂಚೆ ಪ್ರತಿ ಕಡೆ 2 ಸೆಂ.ಮೀ. ಮಡಿಚಿ ಕೈಹೊಲಿಗೆ ಹಾಕಿ ಒಂದು ದಿನ ತೊಟ್ಟು ನೋಡಿ. ಬ್ಯಾಂಡ್ ಹಿಗ್ಗುತ್ತಲ್ಲ, ಲೆಕ್ಕದ 5 ಸೆಂ.ಮೀ. ಪೂರಾ ಕತ್ತರಿಸಿದರೆ ಉಸಿರು ಕಟ್ಟೋ ಹಾಗಾಗಬಹುದು. ಹಿಂದೆ ಎರಡು ಬೆರಳು ತೂರಬೇಕು, ಮುಷ್ಟಿ ತೂರಬಾರದು.

ಮೂರುಹುಕ್ಕು
ಇದನ್ನ ಈಗಲೇ ಮಾಡಬೇಡಿ, ಗೂಡು ಇಳಿದ ಮೇಲೆ ಮಾಡಿ. ಮತ್ತೆ ಅಂಗಡಿಯವರು ಎಕ್ಸ್‌ಟೆಂಡರ್ ಅಂತ ಬ್ಯಾಂಡ್ ಉದ್ದ ಮಾಡೋ ಹುಕ್ಕಿನ ತುಂಡು ಅಂಟಿಸ್ತಾರೆ, ಅದು ಗರ್ಭಿಣಿಯಾಗಿರೋ ಕೊನೇ ತಿಂಗಳಿಗೆ ಸರಿ. ಹುಕ್ಕಿನ ಸಂಖ್ಯೆ ಮಾತ್ರ ಅಲ್ಲ, ಹುಕ್ಕಿನಿಂದ ಹುಕ್ಕಿಗೆ ಇರೋ ದೂರನೂ ಹೊಂದಬೇಕು. ಕಾಯಂ ಹಾಕಿದ್ರೆ ಸ್ಟ್ರಾಪುಗಳು ದೂರ ಸರಿದು ಹೆಗಲಿಂದ ಬೀಳ್ತಾವೆ.

ಮೊದಲಸಲ_ಅಪ್ಪ
ಹೆಂಡತಿಗಾಗಿ ಓದ್ತಾ ಇದ್ದೇನೆ. ಎಷ್ಟು ಬೇಕಾಗುತ್ತವೆ ಅಂತ ಒಂದು ಲೆಕ್ಕ ಹೇಳ್ತೀರಾ?

ಸಣ್ಣಕಣ್ಣು
ಹೆರಿಗೆಗೆ ಮುಂಚೆ: ವೈರ್ ಇಲ್ಲದ, ಕಪ್ ಹಿಗ್ಗುವ ಎರಡು, ರಾತ್ರಿಗೆ ಒಂದು. ಅಷ್ಟೇ. ಆರು ವಾರದ ನಂತರ ಮತ್ತೆ ಅಳೆದು ಗಟ್ಟಿ ಬ್ರಾ ಒಂದು, ಒಪ್ಪಿದರೆ ಅದೇ ಇನ್ನೊಂದು. ಒಂದು ಮೈಮೇಲೆ, ಒಂದು ಒಗೆಯೋಕೆ, ಒಂದು ಹಾಲು ಸೋರಿದಾಗ ಬದಲಿಗೆ. ಒಂದು ಹೊತ್ತಿಗೆ ಮೂರರ ಮೇಲೆ ದಂಡ.

ಗಡಿಯಾರ_ನೋಡಬೇಡಿ
ಆರು ವಾರದ ಅಳತೆ ತಗೊಳ್ಳುವ ಹೊತ್ತು ಮುಖ್ಯ. ಹಾಲೂಡಿಸಿದ ತಕ್ಷಣ ಅಳೆದರೆ ಕಪ್ ಚಿಕ್ಕದಾಗುತ್ತೆ. ಮುಂದಿನ ಸಲ ಊಡಿಸೋಕೆ ಸ್ವಲ್ಪ ಮುಂಚೆ ಅಳೆಯಿರಿ. ತೊಟ್ಟು ನೋಡುವಾಗ ಪ್ಯಾಡ್ ಇಟ್ಟುಕೊಂಡೇ ನೋಡಿ. ಅಂದಹಾಗೆ ಒದ್ದೆ ಪ್ಯಾಡ್ ಹಾಗೇ ಬಿಟ್ಟರೆ ತೊಟ್ಟು ಮೆತ್ತಗಾಗಿ ಬಿರಿಯುತ್ತೆ, ಒದ್ದೆ ಅನ್ನಿಸಿದ ಕೂಡಲೇ ಬದಲಿಸಿ. ಎದೆಯ ಕೆಳಮಡಿಕೆಯಲ್ಲಿ ಬೆವರು ನಿಂತು ಕೆಂಪಾಗುವವರು ಅಲ್ಲಿ ಒಣಗಿದ ತೆಳು ಹತ್ತಿ ಬಟ್ಟೆ ಮಡಿಚಿಟ್ಟುಕೊಳ್ಳಿ.

ಮೊದಲಸಲ_ಅಪ್ಪ
ಒಗೆಯೋ ಕೆಲಸ ನಂದು. ಮಷಿನ್‌ಗೆ ಹಾಕಬಹುದಾ?

ಹೊಲಿಗೆಪೆಟ್ಟಿಗೆ
ಹುಕ್ಕು ಕ್ಲಿಪ್ಪು ಎಲ್ಲ ಹಾಕಿ, ಬಲೆ ಚೀಲದಲ್ಲಿಟ್ಟು, ತಣ್ಣೀರಲ್ಲಿ ಹಾಕಿ. ಬ್ಲೀಚ್ ಬೇಡ, ಫ್ಯಾಬ್ರಿಕ್ ಸಾಫ್ಟ್‌ನರ್ ಬೇಡ, ಎರಡೂ ಸ್ಪ್ಯಾಂಡೆಕ್ಸ್ ಹಾಳು ಮಾಡ್ತವೆ. ಡ್ರೈಯರ್ ಅಂತೂ ಬೇಡವೇ ಬೇಡ. ಸ್ಟ್ರಾಪಿನಿಂದ ನೇತುಹಾಕಬೇಡಿ. ಒದ್ದೆ ಕಪ್ಪಿನ ಭಾರಕ್ಕೆ ಸ್ಟ್ರಾಪ್ ಉದ್ದ ಆಗುತ್ತೆ. ಎರಡು ಕಪ್ಪಿನ ನಡುವೆ ದಾರದ ಮೇಲೆ ಹಾಕಿ, ನೆರಳಲ್ಲಿ.

ನಿದ್ದೆಗೇಡು
ಗಂಡಸ್ರು ಇದನ್ನ ಕೇಳೋದು ನೋಡಿ ಖುಷಿ ಆಯ್ತು. ನಮ್ಮನೇದು ಬಕೆಟ್ ಕೂಡ ಎತ್ತಲ್ಲ.

ಇಂಚುಪಟ್ಟಿ
ವಿಷಯಕ್ಕೆ ಬನ್ನಿ.

ತುಂಬುತಿಂಗಳು
ಸರಿ, ತೀರ್ಮಾನ ಹೀಗೆ: ಈಗ ಕಪ್ ಹಿಗ್ಗುವ ಎರಡು, ಬ್ಯಾಂಡ್ 80, ಸಡಿಲ ಸಾಲಿನಲ್ಲಿ ಕೂರಬೇಕು, ಕಪ್ ಈಗಿನದಕ್ಕಿಂತ ಒಂದು ಹೆಚ್ಚು. ರಾತ್ರಿಗೆ ಅಗ್ಗದ ಕ್ರಾಸ್‌ಓವರ್. ಗಟ್ಟಿದು ಆರು ವಾರ ಆದಮೇಲೆ, ಅಥವಾ ಒಂದು ಬ್ಯಾಂಡ್ ದೊಡ್ಡದು ತಂದು ಚಿಕ್ಕದು ಮಾಡಿಸೋದು. ಕೊನೇ ಪ್ರಶ್ನೆ. ಪ್ಲಾಸ್ಟಿಕ್ ಕ್ಲಿಪ್ಪಾ, ಮ್ಯಾಗ್ನೆಟ್ ಕ್ಲಿಪ್ಪಾ?

ಮೂರುಹುಕ್ಕು
ದೊಡ್ಡ ಎದೆಗೆ ಪ್ಲಾಸ್ಟಿಕ್. ಕಪ್ ತುಂಬಿದಾಗ ಬಗ್ಗಿದ್ರೆ ಮ್ಯಾಗ್ನೆಟ್ ತಾನಾಗೇ ಬಿಟ್ಕೊಳ್ಳತ್ತೆ. ಅಂಗಡೀಲೇ ಹಾಕ್ಕೊಂಡು ಒಂದೇ ಕೈಯಲ್ಲಿ, ನೋಡದೇ, ಐದು ಸಲ ಬಿಚ್ಚಿ ಹಾಕಿ. ಬಲಗೈಯಲ್ಲಿ ಎಡಗಡೇದು, ಎಡಗೈಯಲ್ಲಿ ಬಲಗಡೇದು.

ಗಡಿಯಾರ_ನೋಡಬೇಡಿ
ಮಗುವನ್ನು ಎತ್ತಿಕೊಳ್ಳೋರಿಗೆ ಪೇಸ್‌ಮೇಕರ್ ಥರದ್ದು ಒಳಗಿದ್ದರೆ ಮ್ಯಾಗ್ನೆಟ್ ಹತ್ತಿರಕ್ಕೂ ಬೇಡ.

ಹುಬ್ಬಳ್ಳಿಸೂಜಿ
ಪ್ಲಾಸ್ಟಿಕ್ ಕ್ಲಿಪ್ಪಿನ ಕೊಕ್ಕಿ ಮುರೀತದ ಒಂದಿನ. ಎರಡು ಜೋಡಿ ಹೆಚ್ಚಿಗಿ ತಂದಿಟ್ಕೊರ್ರಿ, ಬ್ರಾ ಒಗೀಬ್ಯಾಡ್ರಿ.

ಮೊದಲಸಲ_ಅಪ್ಪ
ಒಗೆಯಬೇಡಿ ಅಂದ್ರೆ ತೊಳೆಯಬೇಡಿ ಅಂತಲಾ?

ಹುಬ್ಬಳ್ಳಿಸೂಜಿ
ಅಯ್ಯ, ಎಸೀಬ್ಯಾಡ್ರಿ ಅಂದೆ! ತೊಳೀರಿ ನೀವು.